ಕೊಳೆಯದ ಬಟ್ಟೆ

ಮಗುವಿನ ಗಾಡಿಯಲ್ಲಿ ಆಲೂಗಡ್ಡೆಯ ಮೂಟೆಯಿತ್ತು. ಅದು ಮೂರು ವರ್ಷದ ಮಗುವಿನ ತೂಕಕ್ಕೆ ಸರಿಹೋಗುವಂತೆ ಈಫಿ ತನ್ನ ಅಡಿಗೆಮನೆಯ ತಕ್ಕಡಿಯಲ್ಲಿ ತೂಗಿ ತಂದಿದ್ದಳು. ಜಾರದಿರಲೆಂದು ಮಗುವಿಗೆ ಬಿಗಿಯುವ ಪಟ್ಟಿಯನ್ನೇ ಅದರ ನಡುವಿಗೆ ಬಿಗಿದಿದ್ದಳು. ಊರಿನ ಕಾಲುಹಾದಿ ಸಂಘದವರು ಹೊಸ ಹಾದಿಯನ್ನು ಪರೀಕ್ಷಿಸುತ್ತಿದ್ದುದೇ ಹೀಗೆ. ಉದ್ಯಾನದ ಗೇಟಿನಿಂದ ಕಾಡಿಗೆ, ಕಾಡಿನಿಂದ ಇಳಿದು ಕಡಲ ದಂಡೆಗೆ, ಒಬ್ಬರೇ ಗಾಡಿಯನ್ನು ತಳ್ಳಿಕೊಂಡು ಹೋಗಬೇಕು; ಎಲ್ಲಿ ಚಕ್ರ ಸಿಕ್ಕಿಕೊಳ್ಳುತ್ತದೆಯೋ, ಎಲ್ಲಿ ಮೂಟೆ ಒಂದು ಮಗ್ಗುಲಿಗೆ ವಾಲುತ್ತದೆಯೋ ಅಲ್ಲಿ ಹಾದಿ ಇನ್ನೂ ಮಕ್ಕಳೊಂದಿಗರಿಗೆ ತಕ್ಕದ್ದಾಗಿಲ್ಲ ಎಂದು ತಿಳಿಯಬೇಕು. ಅಗಲದ ವಿಷಯದಲ್ಲಿ ಈಫಿಯದು ಬೇರೆಯೇ ಅಳತೆ. ಅಪ್ಪ ಒಂದು ಅಂಚಿಗೆ, ಅಮ್ಮ ಇನ್ನೊಂದು ಅಂಚಿಗೆ, ನಡುವೆ ಇಬ್ಬರ ಕೈಗೂ ಜೋತುಬಿದ್ದು ಕಾಲೆತ್ತಿ ಉಯ್ಯಾಲೆಯಾಡುವ ಮಗು: ಇಷ್ಟು ಹಿಡಿಸದಿದ್ದರೆ ಅದು ಕುರಿ ಓಡಾಡುವ ಜಾಡು, ಹಾದಿಯಲ್ಲ ಎನ್ನುತ್ತಿದ್ದಳು.

"ಈವತ್ತು ಗಾಡಿ ತಳ್ಳೋರು ಯಾರಪ್ಪ? ನನ್ನ ಮಂಡಿ ಕೈಕೊಟ್ಟಿದೆ," ಎಂದಳು. "ಡೂಗಲ್ ಕೈಗೆ ಕೊಟ್ರೆ, ಬಲೆ ಅಂದ್ಕೊಂಡು ಸಮುದ್ರಕ್ಕೆ ಎಸೆದು ಬರ್ತಾನೆ."

"ಎಸೀತೀನಿ. ನೀನು ಒಳಗೆ ಕೂತಿದ್ರೆ ಇನ್ನೂ ದೂರ ಎಸೀತೀನಿ," ಎಂದ ಡೂಗಲ್. ದೋಣಿ ಮಾರಿ ಮನೆಯಲ್ಲಿ ಕೂತ ಮೇಲೆ ಅವನಿಗೆ ಈಫಿಯೊಡನೆ ಜಗಳವಾಡುವುದೇ ಉದ್ಯೋಗವಾಗಿತ್ತು.

ಗಾಡಿಯ ಹಿಡಿಕೆ ಅಲಿಸ್ಟರನ ಕೈಗೆ ಹತ್ತಿರವಿತ್ತು. ಅದನ್ನು ಹಿಡಿಯಲು ಬೇರೆ ಕಾರಣವಿರಲಿಲ್ಲ. ಡೂಗಲ್ ಬಗ್ಗಿ ಮೂಟೆಯನ್ನು ನೋಡಿ, "ಥೇಟ್ ನಿನ್ನ ಮುಖಾನೇ ಮಾರಾಯ, ಅದೇ ಬೋಳುತಲೆ," ಎಂದವನು ನಗು ಅರ್ಧದಲ್ಲಿರುವಾಗಲೇ ನಿಂತುಹೋದ. ಈಫಿ ಚೀಲದೊಳಗೆ ಕೈಹಾಕಿ ಅಲ್ಲಿಲ್ಲದ ಏನನ್ನೋ ಹುಡುಕತೊಡಗಿದಳು. ಈ ಮೌನ ಅಲಿಸ್ಟರನಿಗೆ ಹಳೆಯ ಪರಿಚಯ. ಅಂಗಡಿಯಲ್ಲಿ, ಬಸ್ಸಿನಲ್ಲಿ, ಶಾಲೆಯ ಅಧ್ಯಾಪಕರ ಕೋಣೆಯಲ್ಲಿ ಅದು ಥಟ್ಟನೆ ಬೀಳುತ್ತಿತ್ತು. ಬಿದ್ದಾಗಲೆಲ್ಲ ಎತ್ತಿ ಬದಿಗಿಡುವ ಕೆಲಸ ಅವನದೇ. ಮಗುವನ್ನು ಕಳೆದುಕೊಂಡವನು ಉಳಿದವರಿಗೆ ಮಾಡಬೇಕಾದ ಉಪಚಾರವದು. "ಮೂಗು ಮಾತ್ರ ಅಮ್ಮಂದು," ಎಂದ. ಇಬ್ಬರೂ ಬೇಕಾದುದಕ್ಕಿಂತ ಜೋರಾಗಿ ನಕ್ಕರು.

ಉದ್ಯಾನದೊಳಗೆ ಹಾದಿ ಸಲೀಸಾಗಿತ್ತು. ಮಾರ್ಚಿನ ತೆಳು ಬಿಸಿಲು ಬಾತುಕೊಳದ ನೀರಿನ ಮೇಲೆ ಬಿದ್ದಿತ್ತು, ನೀರಿನೊಳಕ್ಕೆ ಇಳಿದಿರಲಿಲ್ಲ. ಸಣ್ಣ ನಾಯಿಯೊಂದನ್ನು ಹಿಡಿದುಕೊಂಡು ಎದುರಿಗೆ ಬಂದ ಮುದುಕಿ ಅವನಿಗೆ ಗುರುತಿನವಳಲ್ಲ. ಆಕೆ ಗಾಡಿಯ ಮೇಲೆ ಬಾಗಿ, ಮಗುವಿಗೆ ಕೊಡಬೇಕಾದ ಮುದ್ದಿನ ಸದ್ದನ್ನು ತುಟಿಗೆ ತಂದುಕೊಂಡು ಒಳಗೆ ನೋಡಿದಳು. ನೋಡಿ ನೆಟ್ಟಗಾಗಿ, ಮೂಟೆಯನ್ನು ಬಿಟ್ಟು ಅವನ ಮುಖವನ್ನು ದಿಟ್ಟಿಸಿದಳು. ಅವನು ವಿವರಿಸತೊಡಗಿದ: ಸಂಘ, ಪರೀಕ್ಷೆ, ಚಕ್ರದ ಹಿಡಿತ, ಇಳಿಜಾರಿನ ಕೋನ. ತರಗತಿಯಲ್ಲಿ ರಸಾಯನಶಾಸ್ತ್ರ ಹೇಳುವ ಅದೇ ಕ್ರಮದಲ್ಲಿ ಕಾರಣದ ನಂತರ ಕಾರ್ಯ ಎಂದು ಜೋಡಿಸುತ್ತ ಹೋದ. "ಒಳ್ಳೇದಪ್ಪ, ಒಳ್ಳೇದು," ಎಂದು ಆಕೆ ನಾಯಿಯನ್ನು ಎಳೆದುಕೊಂಡು ಸರಿದುಹೋದಳು. ಆಗ ತಿಳಿಯಿತು: ವಿವರಿಸುತ್ತಿದ್ದಷ್ಟು ಹೊತ್ತೂ ಅವನ ಕೈಗಳು ಗಾಡಿಯನ್ನು ಮೆಲ್ಲಗೆ ಹಿಂದಕ್ಕೂ ಮುಂದಕ್ಕೂ ತೂಗುತ್ತಿದ್ದವು. ನಿದ್ದೆಗಿಳಿಯುತ್ತಿರುವ ಮಗು ಎಚ್ಚರಾಗದ ಹಾಗೆ. ಅವನು ಕೈಗಳನ್ನು ಹಿಡಿಕೆಯಿಂದ ಕಿತ್ತುಕೊಂಡ. ಇಳಿಜಾರಿನಲ್ಲಿ ಗಾಡಿ ತಾನಾಗಿ ಹೊರಟಾಗ ಮತ್ತೆ ಓಡಿಹೋಗಿ ಹಿಡಿದ.

ಹಾದಿಯ ಬದಿಯ ಮುಳ್ಳುಪೊದೆಗಳೆಲ್ಲ ಹಳದಿ ಹೂ ಬಿಟ್ಟಿದ್ದವು. ಅವುಗಳಿಂದ ತೆಂಗಿನಕಾಯಿ ತುರಿದಂತಹ ವಾಸನೆ ಬರುತ್ತಿತ್ತು. ಅಪ್ಪ, ಇದು ತೆಂಗಿನಕಾಯಿ ಬಿಸ್ಕತ್ತಿನ ಗಿಡ, ಅಲ್ವಾ? ಅಲ್ಲ ಊನಾ, ಎರಡರಲ್ಲೂ ಇರುವ ರಾಸಾಯನಿಕ ಒಂದೇ ಬಗೆಯದು, ಅಷ್ಟೆ. ಆರು ವರ್ಷದ ಮಗಳಿಗೆ ಅವನು ಹಾಗೆ ಹೇಳಿದ್ದ. ಬಿಸ್ಕತ್ತಿನ ಗಿಡವೆಂದು ಒಪ್ಪಿಕೊಂಡಿದ್ದರೆ ಹೋಗುತ್ತಿದ್ದುದು ಏನು? ಇಂಥ ಪ್ರಶ್ನೆಗಳಿಗೆ ಈಚೆಗೆ ಅವನು ಉತ್ತರ ಹುಡುಕುವುದನ್ನು ಬಿಟ್ಟಿದ್ದ. ಅವು ಬಂದು ಸಾಲಾಗಿ ನಿಲ್ಲುತ್ತಿದ್ದವು, ಅವನು ಸಾಲಿನ ಕೊನೆಯ ಪ್ರಶ್ನೆಯನ್ನು ಮಾತ್ರ ನೋಡದೆ ತಿರುಗುತ್ತಿದ್ದ. ಇಂದು ಬೆಳಿಗ್ಗೆ ಹೆಂಡತಿ ಶೋನಾ ಆ ಕೊನೆಯದನ್ನೇ ಎತ್ತಿಕೊಂಡಿದ್ದಳು. ಒಲೆಯ ಮೇಲೆ ಸಂಘದವರಿಗಾಗಿ ಬೇಳೆಯ ಸೂಪು ಕುದಿಯುತ್ತಿತ್ತು. ಅವಳು ಬೆನ್ನು ತಿರುಗಿಸಿಕೊಂಡೇ, "ಮಧ್ಯಾಹ್ನ ಸೂಪು ನಾನೇ ತರ್ತೀನಿ, ಚಿಂದಿಬಾವಿ ಹತ್ರ," ಎಂದಳು. ಊನಾ ಹೋದ ಮೇಲೆ ಅವಳು ಆ ಕಾಡಿನ ಕಡೆ ತಲೆಹಾಕಿರಲಿಲ್ಲ. "ನೀನು ಅವಳ ಬಟ್ಟೆ ಕಟ್ಟಿದ ಕೊಂಬೆ ತೋರಿಸ್ಬೇಕು ನಂಗೆ. ಎರಡು ಚಳಿಗಾಲದಲ್ಲಿ ಬಟ್ಟೆ ಕೊಳೆತುಹೋಗುತ್ತೆ ಅಂತ ಅಜ್ಜಿ ಹೇಳ್ತಿದ್ರು. ಈಗ ಮೂರಾಯ್ತು. ಏನೂ ಇರಲ್ಲ ಅಲ್ಲಿ."

"ಏನೂ ಇರದೇ ಇರೋದನ್ನ ನೋಡೋಕೆ ಬರ್ತೀಯಾ?"

"ಹೂಂ." ಸೌಟು ಪಾತ್ರೆಯ ತಳವನ್ನು ಕೆರೆಯಿತು. "ಬಟ್ಟೆ ಹೋಗಿದ್ರೆ ನೋವೂ ಹೋಗಿದೆ ಅಂತ ತಾನೆ? ಅವಳು ಉಳೀಲಿಲ್ಲ, ಸರಿ. ಆದ್ರೆ ಎಲ್ಲಿದ್ರೂ ಈಗ ನೋವಿಲ್ಲದೆ ಇದ್ದಾಳೆ ಅಂತ ಆಗುತ್ತಲ್ಲ. ನಗಬೇಡ ನೀನು. ನಂಗೆ ಅಷ್ಟು ಸಾಕು, ಅಲಿಸ್ಟರ್. ಅಷ್ಟು ನೋಡಿದ್ರೆ ರಾತ್ರಿ ಮಲಗ್ತೀನಿ."

ಅವನು ನಕ್ಕಿರಲಿಲ್ಲ. ಬೂಟಿನ ದಾರವನ್ನು ಬಿಚ್ಚಿ ಮತ್ತೆ ಕಟ್ಟಿಕೊಂಡು ಹೊರಬಿದ್ದಿದ್ದ.

ಕಾಡಿನಲ್ಲಿ ಹಾದಿಯಿಂದ ತುಸು ಮೇಲಕ್ಕೆ ಚಿಂದಿಬಾವಿ. ಬಾವಿಯೆಂದರೆ ಬಂಡೆಯ ಸಂದಿಯಿಂದ ಕಲ್ಲಿನ ದೋಣಿಗೆ ಹನಿಯುವ ಒರತೆ. ಸುತ್ತ ಕೈಗೆಟುಕುವ ಕೊಂಬೆಗಳಲ್ಲೆಲ್ಲ ಬಟ್ಟೆಯ ತುಂಡುಗಳು: ಬೂದು, ಕಂದು, ಪಾಚಿಯ ಹಸಿರು. ಕಾಯಿಲೆಯವರ ಮೈಗೆ ತಾಗಿದ ಬಟ್ಟೆಯನ್ನು ಒರತೆಯಲ್ಲಿ ಅದ್ದಿ, ಸೂರ್ಯ ಹೋಗುವ ದಿಕ್ಕಿಗೆ ಮೂರು ಸುತ್ತು ಬಂದು ಕಟ್ಟಬೇಕು. ಬಟ್ಟೆ ಕೊಳೆತಂತೆ ಕಾಯಿಲೆ ಸವೆಯುತ್ತದೆ. ಕಟ್ಟಿದ್ದನ್ನು ಬಿಚ್ಚಿದವರಿಗೆ ಆ ಕಾಯಿಲೆ ಅಂಟಿಕೊಳ್ಳುತ್ತದೆ. ಅಜ್ಜಿಯರ ಕಾಲದಲ್ಲಿ ಇದರಲ್ಲಿ ತೊಡಕಿರಲಿಲ್ಲ, ಏಕೆಂದರೆ ಆಗಿನ ಬಟ್ಟೆಗಳೆಲ್ಲ ಕೊಳೆಯುತ್ತಿದ್ದವು. ಈಗ ಜನ ನೈಲಾನಿನ ಆಟದ ಅಂಗಿ, ಕಾಲುಚೀಲ, ಪ್ಲಾಸ್ಟಿಕ್ಕಿನ ರಿಬ್ಬನ್ನು ಕಟ್ಟಿಹೋಗುತ್ತಿದ್ದರು. ಅವು ಮಳೆಗೂ ಹಿಮಕ್ಕೂ ಜಗ್ಗದೆ ಹೊಚ್ಚ ಹೊಸದಾಗಿ ನೇತಾಡುತ್ತಿದ್ದವು. ಮಕ್ಕಳು ಓಡಾಡುವ ಹಾದಿಯಾಗುವ ಮೊದಲು ಕೊಳೆಯದ ಬಟ್ಟೆಗಳನ್ನಷ್ಟೇ ತೆಗೆದು, ಹತ್ತಿ ಉಣ್ಣೆಗಳನ್ನು ಮುಟ್ಟದೆ ಬಿಡಬೇಕೆಂದು ಸಂಘದಲ್ಲಿ ತೀರ್ಮಾನವಾಗಿತ್ತು. ಯಾವುದು ಯಾವುದೆಂದು ಹೇಳಬಲ್ಲವನೆಂದು ಅಲಿಸ್ಟರನನ್ನು ಆರಿಸಿದ್ದರು.

"ಕೈಗವಸು ಹಾಕ್ಕೊಂಡು ಕತ್ತರೀಲಿ ಕತ್ತರಿಸಿದ್ರೆ ಲೆಕ್ಕಕ್ಕಿಲ್ಲ," ಎಂದ ಡೂಗಲ್. ಅವನು ಒಂದರ ಮೇಲೊಂದು ಎರಡು ಜೊತೆ ಹಾಕಿಕೊಂಡಿದ್ದ. "ಬಿಚ್ಚಿದವರಿಗೆ ತಾನೆ ಅಂಟೋದು? ನಾವು ಬಿಚ್ಚಲ್ಲ."

"ನಿಂಗೆ ಅಂಟೋಕೆ ಹೊಸ ಕಾಯಿಲೆ ಯಾವುದು ಉಳಿದಿದೆ ಹೇಳು," ಎಂದಳು ಈಫಿ. "ಭಾನುವಾರ ಚರ್ಚಿನಲ್ಲಿ ಮುಂದಿನ ಬೆಂಚಲ್ಲಿ ಕೂರ್ತೀಯ, ಇಲ್ಲಿ ಬಂದು ಚಿಂದಿಗೆ ಹೆದರ್ತೀಯ."

"ನೀನು ಮಾತ್ರ ಯಾಕೆ ಉದ್ದ ತೋಳಿನ ಕೈಗವಸು ಹಾಕಿದೀಯ?"

"ಚಳಿಗೆ."

ಅವರ ಮಾತು ಮರಗಳಾಚೆ ಸರಿಯುತ್ತಿದ್ದಂತೆ ಅಲಿಸ್ಟರ್ ಒರತೆಯ ಹಿಂಬದಿಯ ಪೈನ್ ಮರದತ್ತ ನಡೆದ. ಹುಡುಕಬೇಕಾಗಿರಲಿಲ್ಲ, ಎಲ್ಲಿದೆಯೆಂದು ಅವನಿಗೆ ಗೊತ್ತಿತ್ತು. ನೆರಳಿನ ಕಡೆಯ ಒಣಕೊಂಬೆಯಲ್ಲಿ ಬೆರಳಗಲದ ಹಳದಿ ಪಟ್ಟಿ. ಒಂದು ಅಂಚಿಗೆ ಪಾಚಿಯ ಸಣ್ಣ ಗೆರೆ ಹತ್ತಿತ್ತು, ಅಷ್ಟು ಬಿಟ್ಟರೆ ಅಂದು ಹೇಗಿತ್ತೋ ಹಾಗೆಯೇ. ಮೇ ತಿಂಗಳ ಮೊದಲ ಭಾನುವಾರ, ಸೂರ್ಯ ಹುಟ್ಟುವ ಮೊದಲು, ಶೋನಾ ಆಸ್ಪತ್ರೆಯಿಂದ ಫೋನು ಮಾಡಿದ್ದಳು: ಅವಳ ನರಿಗಳ ಅಂಗಿ ಮನೇಲಿದೆ, ಅದರ ತುಂಡು ಕಟ್ಟಿ ಬಾ, ನೀನು ನಂಬದಿದ್ರೂ ಪರವಾಗಿಲ್ಲ, ಕೈ ಮಾತ್ರ ನಿನ್ನದು. ನರಿಗಳ ಚಿತ್ರವಿದ್ದ ಹತ್ತಿಯ ರಾತ್ರಿಯಂಗಿ. ಅವನು ಅದನ್ನು ಮಡಿಲಲ್ಲಿಟ್ಟುಕೊಂಡು ಕಾರಿನಲ್ಲಿ ಕೂತಿದ್ದ. ಕತ್ತರಿಯ ಬಾಯಿ ಎರಡು ನರಿಗಳ ನಡುವೆ ತೆರೆದಿತ್ತು. ಮನೆಗೆ ಬಂದ ಮೊದಲ ರಾತ್ರಿ ಅವಳು ಈ ಅಂಗಿಯನ್ನೇ ಕೇಳುತ್ತಾಳೆ. ಹರಿದದ್ದನ್ನು ಕಂಡರೆ ಯಾಕೆ ಅನ್ನುತ್ತಾಳೆ. ಬಾವಿ, ಬಟ್ಟೆ, ಸುತ್ತು ಎಂದೆಲ್ಲ ಯಾವ ಬಾಯಿಯಿಂದ ಹೇಳುವುದು? ಹಿಂದಿನ ಸೀಟಿನಲ್ಲಿ ಅವಳಿಗೆ ಗಿಡ್ಡವಾಗಿದ್ದ ಹಳದಿ ಮಳೆಕೋಟು ಬಿದ್ದಿತ್ತು. ಅದೂ ಅವಳ ಮೈಗೆ ತಾಗಿದ್ದೇ. ಅದರ ತೋಳಂಚನ್ನು ಕತ್ತರಿಸಿದ. ನೀರಿನಲ್ಲಿ ಅದ್ದಿದಾಗ ಬಟ್ಟೆ ಒದ್ದೆಯಾಗಲಿಲ್ಲ, ಹನಿಗಳು ಮಣಿಗಳಂತೆ ಉರುಳಿಹೋದವು. ನೈಲಾನು ಜಾರುತ್ತದೆಂದು ಯೋಚಿಸಿ ಎರಡನೆಯ ಗಂಟನ್ನೂ ಹಾಕಿದ. ಅಂದರೆ ಘರ್ಷಣೆಯ ಬಗ್ಗೆ ಯೋಚಿಸಿದ್ದ. ಕೊಳೆಯುವ ಬಗ್ಗೆಯೂ ಯೋಚಿಸಿದ್ದನೇ? ಯೋಚಿಸಿದ್ದ. ಆ ಮಬ್ಬಿನಲ್ಲಿ ತನ್ನ ತುಟಿ ಒಂದು ಬದಿಗೆ ತುಸು ಎಳೆದುಕೊಂಡಿದ್ದು, ಎಲ್ಲ ತಿಳಿದವನ ಆ ಸಣ್ಣ ನಗು, ಅವನಿಗೆ ನೆನಪಿತ್ತು. ಊನಾ ಮನೆಗೆ ಬರಲಿಲ್ಲ. ಅಕ್ಟೋಬರಿನಲ್ಲಿ ಅವಳಿಗೆ ಕೊನೆಯದಾಗಿ ಯಾವ ಅಂಗಿ ಹಾಕುವುದೆಂದು ಆಸ್ಪತ್ರೆಯವರು ಕೇಳಿದಾಗ ಶೋನಾ ನರಿಗಳದ್ದು ಎಂದಳು, ಅವನು ಮನೆಗೆ ಹೋಗಿ ಅದನ್ನು ತಂದುಕೊಟ್ಟ. ಎಲ್ಲೂ ಹರಿದಿರಲಿಲ್ಲ. ಆ ಗಡಿಬಿಡಿಯಲ್ಲಿ ಅದನ್ನು ಯಾರೂ ಗಮನಿಸಲಿಲ್ಲ.

ಕತ್ತರಿಯನ್ನು ಹಳದಿ ಪಟ್ಟಿಗೆ ತಂದ. ಹೋದ ವಾರವೇ ತರಗತಿಯಲ್ಲಿ ಇಕ್ಕಳದ ತುದಿಯಲ್ಲಿ ಎಳೆಗಳನ್ನು ಸುಟ್ಟು ತೋರಿಸಿದ್ದ. ಉಣ್ಣೆ ಸುಟ್ಟರೆ ಕೂದಲಿನ ವಾಸನೆ; ಹತ್ತಿ ಕಾಗದದಂತೆ ಉರಿದು ಬೂದಿಯಾಗುತ್ತದೆ; ನೈಲಾನು ಉರಿಯುವ ಬದಲು ಕರಗಿ, ಗಟ್ಟಿ ಮಣಿಯಾಗಿ ಕೂರುತ್ತದೆ, ಕೈಗೆ ತಾಗಿದರೆ ಬಿಡುವುದಿಲ್ಲ. ಇದು ಒಂದು ಪಾಲಿಮರು. ಇದಕ್ಕೂ ಊನಾಳ ರಕ್ತದಲ್ಲಿ ಕೆಟ್ಟ ಕಣಗಳಿಗೂ ಸಂಬಂಧವಿಲ್ಲ. ಹತ್ತಿಯನ್ನು ಕಟ್ಟಿದ್ದರೂ ಅಕ್ಟೋಬರು ಬರುತ್ತಿತ್ತು. ಈ ಪ್ರತಿಯೊಂದು ವಾಕ್ಯವನ್ನೂ ಅವನು ಯಾವ ಸಭೆಯಲ್ಲಾದರೂ ಎದ್ದು ನಿಂತು ಹೇಳಬಲ್ಲ. ಕತ್ತರಿಯ ಬಾಯಿ ಮುಚ್ಚಲಿಲ್ಲ. ಮೂರು ವರ್ಷಗಳಲ್ಲಿ ಮನೆಯಲ್ಲಿದ್ದುದೆಲ್ಲ ಬದಲಾಗಿತ್ತು: ಅವಳ ಕೋಣೆಯ ವಾಸನೆ, ಫೋಟೋದ ಬಣ್ಣ, ಶೋನಾಳ ನಡಿಗೆ. ಈ ಹಳದಿ ಮಾತ್ರ ಅವಳು ಕೆರೆನೀರನ್ನು ಎಗರಿಸುತ್ತ ಕುಣಿದ ದಿನದ ಹಳದಿಯೇ.

"ಆ ಮರ ಆಯ್ತಾ?" ಈಫಿ ಬೆನ್ನ ಹಿಂದೆಯೇ ನಿಂತಿದ್ದಳು.

"ಇದು ಉಣ್ಣೆ," ಎಂದ ಅಲಿಸ್ಟರ್. "ಬಿಡೋಣ."

"ಕನ್ನಡಕ ಇಲ್ದೇ ಇದ್ರೂ ನಂಗೆ ಕಾಣುತ್ತಪ್ಪ, ಅದು ಮಳೆಕೋಟು…" ಎಂದವಳು ಅವನ ಕೈಯಲ್ಲಿ ಬಾಯಿ ತೆರೆದು ನಿಂತ ಕತ್ತರಿಯನ್ನು ನೋಡಿದಳು. ಆಮೇಲೆ ಪಟ್ಟಿಯ ಅಳತೆಯನ್ನು, ಅದು ಯಾವ ವಯಸ್ಸಿನ ತೋಳಿನದೆಂಬುದನ್ನು ನೋಡಿದಳೆಂದು ಕಾಣುತ್ತದೆ. "ಹೌದೌದು, ಉಣ್ಣೆ," ಎಂದಳು. "ಡೂಗಲ್! ಈ ಕಡೆ ಬರಬೇಡ, ಇಲ್ಲಿ ಎಲ್ಲ ಉಣ್ಣೆ."

ಶೋನಾ ಬಂದಾಗ ಅವರು ಗಾಡಿಯನ್ನು ಒರತೆಯ ಕೆಳಗಿನ ಹಾದಿಯಲ್ಲಿ ನಿಲ್ಲಿಸಿ, ಬಿದ್ದ ಮರದ ಮೇಲೆ ಕೂತಿದ್ದರು. ಕೆಂಪು ಟೋಪಿ ಹಾಕಿಕೊಂಡಿದ್ದಳು. ಅವಳು ಬಣ್ಣದ್ದನ್ನು ಹಾಕದೆ ಎಷ್ಟು ಕಾಲವಾಯಿತೆಂದು ಅಲಿಸ್ಟರ್ ಯೋಚಿಸಿದ. ಫ್ಲಾಸ್ಕಿನಿಂದ ಬಟ್ಟಲುಗಳಿಗೆ ಸೂಪು ಬಗ್ಗಿಸುತ್ತ ಅವಳು ಗಾಡಿಯೊಳಗೆ ಕಣ್ಣು ಹಾಯಿಸಿ, "ಯಾರಿದು, ತುಂಬ ಸುಮ್ಮನಿದೆ?" ಎಂದಳು. ಡೂಗಲ್ ಉಸಿರು ಬಿಗಿಹಿಡಿದ. "ಈಫಿ ಮೊಮ್ಮಗಳು," ಎಂದ ಕೊನೆಗೆ. "ಬೇಯಿಸಿದ್ರೂ ಮಾತಾಡಲ್ಲ." ಶೋನಾ ನಕ್ಕಳು. ಆ ನಗು ಅಲಿಸ್ಟರನಿಗೆ ಸಹಿಸಲಾಗಲಿಲ್ಲ; ಅದರಲ್ಲಿ ಏನನ್ನೋ ಪಡೆಯಲು ಬಂದವರ ಲಗುಬಗೆಯಿತ್ತು. ತನ್ನ ಬಟ್ಟಲನ್ನು ಮುಟ್ಟದೆ ಅವಳು ಎದ್ದಳು. "ಬಾ," ಎಂದಳು. "ತೋರಿಸು."

ಅವನು ಮುಂದೆ ನಡೆದ. ಕಾಲುಗಳು ಪೈನ್ ಮರದತ್ತ ತಿರುಗಬೇಕಾದಲ್ಲಿ ತಿರುಗಲಿಲ್ಲ. ಒರತೆಯ ಈಚೆಗೆ, ಬೆಳಕಿನಲ್ಲಿ, ತೆಳ್ಳಗಿನ ಬರ್ಚ್ ಮರವೊಂದಿತ್ತು. ಅದರ ಒಂದು ಕೊಂಬೆ ಬರಿದಾಗಿತ್ತು, ತೊಗಟೆ ಬೆಳ್ಳಗೆ, ನುಣ್ಣಗೆ. ಎಷ್ಟು ಸುಲಭವಾಗಿತ್ತು. ಏನನ್ನೂ ಕತ್ತರಿಸಬೇಕಾಗಿರಲಿಲ್ಲ, ಏನನ್ನೂ ಬಿಚ್ಚಬೇಕಾಗಿರಲಿಲ್ಲ. ಜಗತ್ತಿನಲ್ಲಿ ಬರಿದಾದ ಕೊಂಬೆಗಳಿಗೆ ಕೊರತೆಯೇ?

"ಇಲ್ಲೇ," ಎಂದ.

ಅವಳು ಕೈಗವಸನ್ನು ಕಳಚಿ ಕೊಂಬೆಯನ್ನು ಮುಟ್ಟಿದಳು. ಅಂಗೈಯಿಂದ ಬುಡದಿಂದ ತುದಿಯವರೆಗೆ ಸವರಿದಳು, ಜ್ವರ ಇಳಿದ ಹಣೆಯನ್ನು ಸವರುವಂತೆ. "ಏನೂ ಇಲ್ಲ," ಎಂದಳು. "ಒಂದು ದಾರಾನೂ ಇಲ್ಲ, ಅಲಿಸ್ಟರ್." ಮುಖ ತಿರುಗಿಸಿ ಅವನತ್ತ ನೋಡಿದಾಗ ಅವಳ ಮುಖದಲ್ಲಿ ಅವನು ಮರೆತೇಹೋಗಿದ್ದ ಒಬ್ಬ ಹೆಂಗಸು ಇದ್ದಳು. ಈ ಕ್ಷಣವನ್ನು ಹೀಗೆಯೇ ನಿಲ್ಲಿಸಿಬಿಟ್ಟರೆ ಸಾಕು, ಇನ್ನೇನೂ ಬೇಡ ಎಂದು, ಯಾವ ದೇವರನ್ನೂ ಉದ್ದೇಶಿಸದೆ, ಅವನು ಬೇಡಿಕೊಂಡ. ಗಾಳಿ ಬೀಸಿತು. ಕಾಡಿನ ಚಿಂದಿಗಳೆಲ್ಲ ಒದ್ದೆಯ ಭಾರದಲ್ಲಿ ಜೋತುಬಿದ್ದೇ ಇದ್ದವು. ಒಣಗಿದ್ದುದು ಒಂದೇ, ನೀರನ್ನು ಹೀರಲಾರದ್ದು. ಅದು ಪೈನ್ ಮರದ ನೆರಳಿನಿಂದ ಈಚೆಗೆ ಒಂದು ಸಲ ಪಟಪಟನೆ ಹಾರಿತು.

ಅವಳು ಹೋಗಿ ಅದರ ಮುಂದೆ ನಿಂತಳು. ಅವನು ಹಿಂದಿನಿಂದ ಹೋದ. ಓಡಿಹೋಗುವುದಕ್ಕೆ ಒಂದು ವಯಸ್ಸಿರುತ್ತದೆ.

"ಕೆರೆ ಹತ್ರ ಕುಣೀತಿದ್ಲಲ್ಲ, ಆ ಕೋಟು," ಎಂದಳು ಶೋನಾ.

"ಹೌದು."

"ನರಿ ಅಂಗಿ ಹರೀಲಿಲ್ವಾ?"

"ಆಗಲಿಲ್ಲ. ಮನೆಗೆ ಬಂದ್ಮೇಲೆ ಕೇಳ್ತಾಳೆ ಅಂತ…"

"ಕೇಳ್ತಿದ್ಲು," ಎಂದಳು ಶೋನಾ.

ಅವಳು ಕೂಗಾಡಿದ್ದರೆ, ಕೆನ್ನೆಗೆ ಹೊಡೆದಿದ್ದರೆ, ನೀನು ಸುಳ್ಳ ಎಂದಿದ್ದರೆ ಅವನು ನಿಲ್ಲಬಲ್ಲವನಾಗಿದ್ದ. ಅವಳು ಪಟ್ಟಿಯನ್ನು ಎರಡು ಬೆರಳುಗಳ ನಡುವೆ ಹಿಡಿದು ಎಳೆದು, ಅದು ಎಷ್ಟು ಗಟ್ಟಿಯಾಗಿದೆಯೆಂದು ನೋಡಿದಳು. "ಹಾಗಾದ್ರೆ ಇಷ್ಟು ದಿನಾನೂ ನೋವು ಅವಳ ಹತ್ರಾನೇ ಇತ್ತಾ?" ಎಂದು ಕೇಳಿದಳು. ಪ್ರಶ್ನೆ ಅವನಿಗಲ್ಲ. ಆದರೂ ಅವನು ಉತ್ತರಿಸಲು ಬಾಯಿ ತೆರೆದ. ಪಾಲಿಮರು, ಕಣ, ಸಂಬಂಧವಿಲ್ಲ. ತಯಾರಾಗಿದ್ದ ವಾಕ್ಯಗಳು ಒಂದೊಂದಾಗಿ ಬಂದು, ಒರತೆಯ ನೀರು ಆ ಬಟ್ಟೆಯಿಂದ ಉರುಳಿದಂತೆ ಉರುಳಿಹೋದವು. ಅವಳು ಎರಡನೆಯ ಕೈಗವಸನ್ನೂ ಕಳಚಿ ಜೇಬಿಗಿಟ್ಟು, ಉಗುರನ್ನು ಗಂಟಿನ ಸಂದಿಗೆ ಹಾಕಿದಳು.

"ಶೋನಾ, ಬೇಡ." ನಂಬದವನ ಕಂಠದಿಂದ ಬಂದ ಆ ಸ್ವರಕ್ಕೆ ಅವನೇ ಬೆಚ್ಚಿದ. "ಕೈಗವಸು ಹಾಕ್ಕೋ. ತಗೋ, ಕತ್ತರಿ ಇದೆ."

"ಕತ್ತರಿ ಬೇಡ. ಕತ್ತರಿಸಿದ್ರೆ ಬರಲ್ಲ ನಂಗೆ." ಅವಳು ತಲೆಯೆತ್ತಲಿಲ್ಲ. "ಬಿಚ್ಚಿದವರಿಗೆ ತಾನೆ ಬರೋದು? ಬರಲಿ. ನಾನು ದೊಡ್ಡವಳು, ತಡ್ಕೋತೀನಿ. ಅವಳಿಗೆ ಸಾಕು."

ಮೊದಲ ಗಂಟು ಬಿಚ್ಚಿಕೊಳ್ಳುವಷ್ಟರಲ್ಲಿ ಅವಳ ಉಗುರು ಮಡಚಿ ರಕ್ತದ ತೆಳು ಗೆರೆ ಮೂಡಿತು. ಅದರಡಿ ಎರಡನೆಯದು ಕಾಣಿಸಿತು. "ಎರಡು ಯಾಕೆ ಹಾಕ್ದೆ?"

"ಜಾರುತ್ತೆ ಅಂತ."

ಅವಳು ಮತ್ತೆ ಬೆರಳು ಹಾಕಿದಳು, ಆಗಲಿಲ್ಲ. ಆಗ ಅಲಿಸ್ಟರ್ ತನ್ನ ಕೈಗವಸುಗಳನ್ನು ಕಳಚಿದ. ಚಳಿ ಅಂಗೈಗೆ ತಾಗಿತು. "ಅರ್ಧ ನನಗೆ ಬಿಡು," ಎಂದ. ಅವಳು ಅವನ ಮುಖ ನೋಡಿ, ಕೈ ತೆಗೆದು, ಸ್ವಲ್ಪ ಸರಿದು ಜಾಗ ಮಾಡಿಕೊಟ್ಟಳು. ಮೂರು ವರ್ಷಗಳ ಹಿಂದೆ ತಾನೇ ಬಿಗಿದ ಗಂಟನ್ನು ಅವನು ಬಿಚ್ಚಿದ. ಪಟ್ಟಿ ಸಡಿಲವಾಗಿ ಅವನ ಅಂಗೈಗೆ ಬಿತ್ತು. ತೂಕವೇ ಇರಲಿಲ್ಲ. ಕೊಂಬೆಯಲ್ಲಿ ಅದು ಇದ್ದ ಕಡೆ ತೊಗಟೆ ಸವೆದು ಸಣ್ಣ ಬಳೆಯಂತೆ ಗುರುತು ಉಳಿದಿತ್ತು. ಶೋನಾ ಪಟ್ಟಿಯನ್ನು ತೆಗೆದುಕೊಂಡು ತನ್ನ ಅಂಗೈಗೆ ಸುತ್ತಿ ಮುಷ್ಟಿ ಮುಚ್ಚಿದಳು.

ಅವರಿಬ್ಬರೂ ಕೆಳಗೆ ಹಾದಿಗೆ ಇಳಿದುಬಂದರು. ಮೂಟೆಯ ಗಾಡಿಯನ್ನು ಸಂಘದ ಮೂವರೂ ಶೋನಾ ಬರುವ ಮೊದಲೇ ದಂಡೆಯವರೆಗೂ ಒಮ್ಮೆ ತಳ್ಳಿ ನೋಡಿ ವಾಪಸು ತಂದಿದ್ದರು. ಇಳಿಜಾರೂ ಸರಿಯಾಗಿತ್ತು, ಮಕ್ಕಳೊಂದಿಗರು ಇನ್ನು ಬರಬಹುದು. "ನೀವಿಬ್ಬರೂ ಹೊರಡಿ, ಕೆಳಗಿನಿಂದ ಹೋದ್ರೆ ಮನೆ ಹತ್ರ," ಎಂದಷ್ಟೇ ಹೇಳಿ ಈಫಿ ಬಟ್ಟಲುಗಳನ್ನು ಜೋಡಿಸತೊಡಗಿದಳು. ಕಾಡು ಮುಗಿದಲ್ಲಿ ಕಡಲು ಬೂದುಬಣ್ಣಕ್ಕೆ ತೆರೆದುಕೊಂಡಿತ್ತು. ಶೋನಾ ಒಂದು ಅಂಚಿನಲ್ಲಿ ನಡೆದಳು, ಅಲಿಸ್ಟರ್ ಇನ್ನೊಂದು ಅಂಚಿನಲ್ಲಿ. ಹಾದಿ ಅಷ್ಟಕ್ಕೆ ಸರಿಯಾಗಿ ಅಗಲವಿತ್ತು. ನಡುವೆ, ಹೊಸದಾಗಿ ಹಾಸಿದ ಸಣ್ಣ ಜಲ್ಲಿಯ ಮೇಲೆ, ಮಗುವಿನ ಗಾಡಿಯ ಚಕ್ರಗಳು ಎಳೆದ ಎರಡು ಗೆರೆಗಳು ನೀರಿನವರೆಗೂ ಇಳಿದಿದ್ದವು. ಅವುಗಳನ್ನು ತುಳಿಯದಂತೆ ಇಬ್ಬರೂ ನೋಡಿ ನೋಡಿ ಹೆಜ್ಜೆಯಿಡುತ್ತಿದ್ದರು.